ಹೊಟ್ಟೆಯಮ್ಮನೂ ಕೊಂಬಿನ ಕಾಲುಗಳೂ

ಹೊಟ್ಟೆಯಮ್ಮ ಎಂಬ ಹೆಸರು ಕೇಳಿ ನೋಡಲು ಬಂದವರು ಅವಳ ಬೆನ್ನ ಹಿಂದೆ ಇನ್ನಾರಾದರೂ ನಿಂತಿದ್ದಾರೆಯೇ ಎಂದು ಇಣುಕುತ್ತಿದ್ದರು. ಅವಳಾದರೋ ಕಡ್ಡಿಯ ಹಾಗಿದ್ದಳು. ಬಾಗಿಲಲ್ಲಿ ಓರೆಯಾಗಿ ನಿಂತರೆ ಬೆಳಕಿಗೂ ಅಡ್ಡವಾಗದಂಥ ಮೈ. ಹೊಟ್ಟೆ ಅವಳದಲ್ಲ, ನಲ್ಲಿಯದು.

ನೀರಿನ ನಲ್ಲಿಯನ್ನು ಎಲ್ಲರೂ ತಿರುಗಿಸುತ್ತಾರೆ, ಅದರೊಳಗಿನ ಟೊಳ್ಳು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಲೋಹವನ್ನು ಕರಗಿಸಿ ಅಚ್ಚಿಗೆ ಸುರಿದರೆ ಅದು ಇದ್ದಬದ್ದ ಜಾಗವನ್ನೆಲ್ಲ ತುಂಬಿಕೊಂಡು ಗಟ್ಟಿ ಮುದ್ದೆಯಾಗಿ ಕೂರುತ್ತದೆ. ಒಳಗೆ ಟೊಳ್ಳು ಬೇಕಾದರೆ ಆ ಟೊಳ್ಳಿನದೇ ಆಕಾರದ ಗೊಂಬೆಯೊಂದನ್ನು ಮರಳಿನಲ್ಲೋ ಮಣ್ಣಿನಲ್ಲೋ ಮಾಡಿ, ಸುಟ್ಟು, ಅಚ್ಚಿನ ನಡುವೆ ಕೂರಿಸಬೇಕು. ಲೋಹ ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ. ಆಮೇಲೆ ಒಳಗಿನ ಗೊಂಬೆಯನ್ನು ಕುಟ್ಟಿ ಪುಡಿಮಾಡಿ ಹೊರಗೆ ಸುರಿದುಬಿಡುತ್ತಾರೆ. ನಲ್ಲಿ ಕಾರ್ಖಾನೆಯಲ್ಲಿ ಆ ಗೊಂಬೆಗೆ ಹೊಟ್ಟೆ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಅದನ್ನು ಮಾಡಿದವಳು ಹೊಟ್ಟೆಯಮ್ಮ.

ಆ ಕೆಲಸ ಅವಳಿಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಎಂಟನೆಯ ದಿನ ಅತ್ತೆ ಅವಳ ಅಂಗೈಗಳನ್ನು ಹಿಡಿದು ತಿರುವಿ ಮುರುವಿ ನೋಡಿ, "ಬೆವರದ ಕೈ. ಬಾ ನನ್ನ ಜೊತೆ" ಎಂದು ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದಳು. ಬೆವರುವ ಕೈಗೆ ಮರಳು ಅಂಟಿಕೊಂಡು ಹೊಟ್ಟೆಯ ಮೈ ಹಾಳಾಗುತ್ತದೆ. ಅಲ್ಲಿ ಗಂಡ ಎರಕ ಹೊಯ್ಯುತ್ತಿದ್ದ. ಅವನ ತಂಗಿ ಉಜ್ಜುವ ಚಕ್ರದ ಮುಂದೆ ಕೂತು ನಲ್ಲಿಗಳಿಗೆ ಹೊಳಪು ಕೊಡುತ್ತಿದ್ದಳು. ಇವರ ಮನೆಯಲ್ಲಿ ಜಗಳವಾದ ದಿನ ಅರ್ಧ ಊರಿನ ನಲ್ಲಿ ಸೋರುತ್ತದೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಮೂವರಲ್ಲಿ ಹೆಸರು ಬಂದದ್ದು ಗಂಡನಿಗೆ. ಕೆಂಪಗೆ ಹರಿಯುವ ಲೋಹವನ್ನು ಎಲ್ಲರೂ ನಿಂತು ನೋಡುತ್ತಾರಲ್ಲ. ನಾದಿನಿಯ ಕೆಲಸ ಅಂಗಡಿಯ ಗಾಜಿನ ಹಿಂದೆ ಮಿನುಗುತ್ತಿತ್ತು. ಹೊಟ್ಟೆಯಮ್ಮನ ಕೆಲಸ ಮಾತ್ರ ಪ್ರತಿ ಸಂಜೆ ಪುಡಿಯಾಗಿ ಹಿತ್ತಿಲ ಗುಡ್ಡೆಗೆ ಸೇರುತ್ತಿತ್ತು. ಅದರ ಬಗ್ಗೆ ಅವಳು ಎಂದೂ ಮುಖ ಸಣ್ಣದು ಮಾಡಿದವಳಲ್ಲ. "ನನ್ನ ಕೆಲಸ ಕಣ್ಣಿಗೆ ಬಿತ್ತು ಅಂದ್ರೆ ನಲ್ಲಿ ಕೆಟ್ಟಿತು ಅಂತಲೇ ಅರ್ಥ" ಎನ್ನುತ್ತಿದ್ದಳು.

ಗಂಡ ಹೋಗಿ ಒಂಬತ್ತು ವರ್ಷವಾಗಿತ್ತು. ಪ್ಲಾಸ್ಟಿಕ್ ನಲ್ಲಿಗಳು ಬಂದ ಮೇಲೆ ಕಾರ್ಖಾನೆಯೂ ಬಾಗಿಲು ಹಾಕಿತು. ಅತ್ತಿಗೆ ನಾದಿನಿ ಇಬ್ಬರೇ ಮೆಟ್ಟಿಲ ಕೆಳಗಿನ ಎರಡು ಕೋಣೆಗಳಲ್ಲಿ ಉಳಿದರು. ನಾದಿನಿ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನೋಡೋಕೆ ಬಂದವರೆಲ್ಲ ನಮ್ಮತ್ತಿಗೆ ಕೈಯಲ್ಲಿ ತಯಾರಾದ ಹಾಗಿದ್ರು, ಒಳಗೆ ಟೊಳ್ಳು" ಎನ್ನುತ್ತಿದ್ದಳು. ಚಕ್ರ ನಿಂತರೂ ಅವಳ ಕೈ ನಿಂತಿರಲಿಲ್ಲ. ಬಾಗಿಲ ಚಿಲಕ, ಚಮಚ, ಕಿಟಕಿಯ ಸರಳು, ಪಕ್ಕದ ಮನೆಯವರ ಬೀಗ, ಏನು ಸಿಕ್ಕರೂ ಬಟ್ಟೆ ತೆಗೆದುಕೊಂಡು ಉಜ್ಜಲು ಕೂರುತ್ತಿದ್ದಳು. ಪಕ್ಕದ ಮನೆಯವರ ಬೀಗ ಎಷ್ಟು ನುಣುಪಾಯಿತೆಂದರೆ ತಿರುಗಿಸಿ ತೆರೆಯುವ ಅಂಕಿಗಳೇ ಅಳಿಸಿಹೋಗಿ ಅವರು ಬೇರೆ ಬೀಗ ತರಬೇಕಾಯಿತು.

ಹೀಗಿರುವಾಗ ಒಂದು ದಿನ ಹಳೆಯ ಕಾರ್ಖಾನೆಯ ಕಾವಲುಗಾರ ಬಂದ. ಎರಕದ ಶೆಡ್ಡನ್ನು ಯಾರೋ ಶಿಲ್ಪಿ ಹಿಡಿದಿದ್ದಾನೆ, ಜೊತೆಗೊಬ್ಬಳು ಪುರಾತತ್ವದವಳಿದ್ದಾಳೆ, ಹಳೇ ಕಾಲದವರು ಕಂಚು ಹೊಯ್ಯುತ್ತಿದ್ದ ಹಾಗೆಯೇ ಹೊಯ್ದು ನೋಡುತ್ತಾರಂತೆ, ಮಣ್ಣು ಕಲಸಲು ಗೊತ್ತಿರುವವರು ಬೇಕಂತೆ ಎಂದ.

"ಹಳೇ ಕಾಲದವರ ಹಾಗೆ ಯಾಕೆ? ಈ ಕಾಲದವರ ಹಾಗೆ ಹೊಯ್ಯೋಕೆ ಏನು ದಾಡಿ?" ಎಂದಳು ನಾದಿನಿ.

"ಅವರು ಹೇಗೆ ಮಾಡಿದ್ರು ಅಂತ ತಿಳೀಬೇಕಂತೆ."

"ತಿಳಿದು?"

"ತಿಳಿದು ಬರೀತಾರಂತೆ."

ಮಾರನೆಯ ದಿನ ಇಬ್ಬರೂ ಹೋದರು. ಶೆಡ್ಡಿನಲ್ಲಿ ಹಳೆಯ ಕುಲುಮೆಯನ್ನು ಹಾಗೇ ಬಿಟ್ಟು, ನೆಲದಲ್ಲಿ ಹೊಸದಾಗಿ ಗುಂಡಿ ತೋಡಿ, ಅದಕ್ಕೆ ಗಾಳಿ ಊದಲು ಎರಡು ಚರ್ಮದ ತಿದಿ ಹೂಡಿದ್ದರು. ಶಿಲ್ಪಿ ಐವತ್ತರ ಆಸುಪಾಸಿನವನು, ಗಡ್ಡದ ತುಂಬ ಮೇಣದ ಚೂರು. ಅವನು ನೇರವಾಗಿ ನಾದಿನಿಯ ಕಡೆಗೆ ಕೈ ಮುಂದೆ ಮಾಡಿ, "ಹೊಟ್ಟೆಯಮ್ಮ ನೀವೇ ಅಲ್ವಾ?" ಎಂದ. ನಾದಿನಿ ಮೈಕೈ ತುಂಬಿಕೊಂಡವಳು.

"ನಾನು ಬರೀ ಹೊಳಪು. ಹೊಟ್ಟೆ ಅಗೋ ಅಲ್ಲಿ" ಎಂದಳು ಅವಳು.

ಪುರಾತತ್ವದ ಮೇಡಂ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಕುರ್ಚಿ ಪಕ್ಕದಲ್ಲೇ ಇದ್ದರೂ ಅವಳು ಕೂರುತ್ತಿದ್ದದ್ದು ಹಾಗೆಯೇ, ಅಗೆದು ಅಗೆದು ಬಂದ ಅಭ್ಯಾಸ. ಅಂದೇ ಸಂಜೆ ಮನೆಗೆ ಬರುವಷ್ಟರಲ್ಲಿ ನಾದಿನಿ ಒಬ್ಬನಿಗೆ ಗಡ್ಡಪ್ಪ ಎಂದೂ ಇನ್ನೊಬ್ಬಳಿಗೆ ಅಗೆಯೋ ಮೇಡಂ ಎಂದೂ ಹೆಸರಿಟ್ಟಾಗಿತ್ತು.

ಅವರು ಮಾಡಹೊರಟದ್ದು ಕಂಚಿನ ಕೊಂಬು, ಊದುವ ಕೊಂಬು. ತೋಳುದ್ದ, ಬಿಲ್ಲಿನ ಹಾಗೆ ಬಾಗಿದ್ದು, ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ, ಗೋಡೆ ಮಾತ್ರ ನಾಣ್ಯದಷ್ಟೇ ದಪ್ಪ. ಅಂಥದೊಂದರ ತುಂಡು ಮೇಡಂಗೆ ನೆಲದಡಿ ಸಿಕ್ಕಿತ್ತು. ಮೂರು ಸಾವಿರ ವರ್ಷದ ಹಿಂದಿನದು ಎಂದು ಅವಳ ಲೆಕ್ಕ. ಹತ್ತಿ ಹಾಸಿದ ಡಬ್ಬಿಯಲ್ಲಿ ಅದನ್ನು ಮಗುವಿನ ಹಾಗೆ ಮಲಗಿಸಿಟ್ಟಿದ್ದಳು. ಎರಡು ಸಲ ಎರಕ ಹೊಯ್ದು ಎರಡು ಸಲವೂ ಕೆಟ್ಟಿತ್ತು. ಕೆಟ್ಟ ಕೊಂಬುಗಳು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಮೇಲಿನ ಬದಿಯಲ್ಲಿ ಅಂಗೈ ಅಗಲದ ತೂತು, ಅದರ ಎದುರು ಬದಿಯಲ್ಲಿ ಹೆಬ್ಬೆಟ್ಟಿನಷ್ಟು ದಪ್ಪ.

ಹೊಟ್ಟೆಯಮ್ಮ ಮೊದಲ ವಾರ ತುಟಿ ಬಿಚ್ಚಲಿಲ್ಲ. ಹೇಳಿದ ಮಣ್ಣು ಕಲಸಿದಳು, ತುಳಿದಳು, ಸೋಸಿದಳು. ನಡುನಡುವೆ ನೇತುಹಾಕಿದ ಕೊಂಬುಗಳ ಕೆಳಗೆ ನಿಂತು ತೂತಿನೊಳಗೆ ಬೆರಳಾಡಿಸಿ ಬರುತ್ತಿದ್ದಳು. ಎಂಟನೆಯ ದಿನ ಟೀ ಕುಡಿಯುತ್ತ ಕೇಳಿದಳು, "ಹೊಟ್ಟೆ ಕೆಳಗೆ ಬೀಳುತ್ತೆ ಅಂತ ಕಾಲು ಕೊಟ್ಟಿದ್ರಾ?"

ಶಿಲ್ಪಿಗೆ ಅರ್ಥವಾಗಲಿಲ್ಲ. ಒಳಗಿನ ಮಣ್ಣು ಎಂದು ಬಿಡಿಸಿ ಹೇಳಿದ ಮೇಲೆ ಆಯಿತು. "ಹೌದಮ್ಮ. ಒಳಮಣ್ಣಿಗೂ ಹೊರಗಿನ ಮಣ್ಣಿಗೂ ನಡುವೆ ಸುತ್ತಿದ ಮೇಣ ಕರಗಿ ಹೋದ ಮೇಲೆ ಒಳಗಿನ ಮಣ್ಣು ಆಸರೆಯಿಲ್ಲದೆ ನೇತಾಡುತ್ತಲ್ಲ, ಜಗ್ಗಬಾರದು ಅಂತ ಕೆಳಗಡೆಯಿಂದ ಕಂಚಿನ ಮೊಳೆ ಆನಿಸಿದ್ದೆ."

ಅವಳು ಎದ್ದುಹೋಗಿ ಬಕೆಟ್ಟಿನಲ್ಲಿ ನೀರು ತಂದಳು. ಮೂಲೆಯಲ್ಲಿ ಕಳಚಿ ಬಿದ್ದಿದ್ದ ಸುತ್ತಿಗೆಯ ಮರದ ಹಿಡಿಯನ್ನು ಅವನ ಕೈಗೆ ಕೊಟ್ಟು, "ಇದನ್ನು ತಳಕ್ಕೆ ಮುಟ್ಟಿಸಿ" ಎಂದಳು. ಅವನು ಅದುಮಿದ. ಹಿಡಿ ಕೈಯಿಂದ ಜಾರಿ ಚಿಮ್ಮಿ ಮೇಲೆ ಬಂದು ಅವನ ಗಡ್ಡಕ್ಕೆಲ್ಲ ನೀರು ಎರಚಿತು.

"ಲೋಹ ಈ ನೀರಿಗಿಂತ ಭಾರ, ಅದರ ಮುಂದೆ ಮಣ್ಣು ಈ ಹಿಡಿಯ ಹಾಗೆ ಹಗುರ. ಸುರಿಯೋ ತನಕ ಹೊಟ್ಟೆ ಕೆಳಗೆ ಜಗ್ಗುತ್ತೆ, ನಿಜ. ಸುರಿದ ಮೇಲೆ ತೇಲುತ್ತೆ. ಮೇಲಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತೆ. ಅಲ್ಲಿ ತೂತು ಬೀಳದೆ ಇನ್ನೇನಾಗುತ್ತೆ? ಹಿಡೀಬೇಕಾದ್ದು ಮೇಲಿನಿಂದ."

"ಇದು ನಿಮಗೆ ಹೇಗೆ ಗೊತ್ತು?"

"ನಮ್ಮತ್ತೆ ನನ್ನ ಮುಖಕ್ಕೂ ಹೀಗೇ ನೀರು ಎರಚಿಸಿದ್ರು. ಹೊಸದರಲ್ಲಿ ಇಪ್ಪತ್ತು ನಲ್ಲಿ ಕೆಡಿಸಿದ್ದೆ."

ನಾದಿನಿ ಮೂಲೆಯಿಂದ, "ಇಪ್ಪತ್ತಾರು" ಎಂದಳು.

ಮೇಡಂ ಡಬ್ಬಿ ತೆರೆದಳು. ತುಂಡಿನ ಹಸಿರು ಮೈ ಮೇಲೆ ಅಲ್ಲಲ್ಲಿ ಚಿಕ್ಕ ಚಿಕ್ಕ ಚೌಕದ ಗುರುತುಗಳಿದ್ದವು, ಬೆರಳಿನ ಉಗುರಿಗಿಂತ ಸಣ್ಣವು. ಬಾಗಿನ ಬೆನ್ನಿನ ಮೇಲೆ ಮೂರು ಗುರುತು ಒಟ್ಟೊಟ್ಟಿಗೆ. ಇವೆಲ್ಲ ತೇಪೆಗಳು, ಎರಕದಲ್ಲಿ ತೂತು ಬಿದ್ದು ಆಮೇಲೆ ಮುಚ್ಚಿದ್ದು, ಹಿರಿಯ ಪಂಡಿತರೆಲ್ಲ ಹಾಗೇ ಬರೆದಿದ್ದಾರೆ ಎಂದಳು. ಮೂರು ಒಟ್ಟಿಗೆ ಇರುವ ಕಡೆ ಕೆಲಸ ಬಹಳ ಕೆಟ್ಟಿರಬೇಕು ಎಂದೂ ಸೇರಿಸಿದಳು.

ಹೊಟ್ಟೆಯಮ್ಮ ಬಗ್ಗಿ ನೋಡಿದಳು. ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು.

"ತೂತು ಎಲ್ಲಾದ್ರೂ ಚೌಕಾಕಾರ ಬೀಳುತ್ತಾ, ಮೇಡಂ?"

ಮೇಡಂ ಡಬ್ಬಿಯನ್ನು ಬೆಳಕಿನ ಕಡೆಗೆ ತಿರುಗಿಸಿದಳು.

"ಇವು ತೇಪೆ ಅಲ್ಲ, ಕಾಲು. ಹೊಟ್ಟೆಯನ್ನು ಹಿಡಿದ ಮೊಳೆಗಳು. ಲೋಹ ಸುತ್ತ ಹರಿದು ಇವನ್ನು ನುಂಗಿದೆ, ಅಂಚು ಮಾತ್ರ ಉಳಿದಿದೆ. ಬೆನ್ನ ಮೇಲೆ ಮೂರು ಯಾಕೆ ಅಂದ್ರೆ, ಅಚ್ಚನ್ನು ಬೆನ್ನು ಮೇಲಾಗಿ ಮಲಗಿಸಿ ಹೊಯ್ದಿದ್ದಾರೆ. ತೇಲೋ ಹೊಟ್ಟೆ ಅಲ್ಲೇ ಹೆಚ್ಚು ಒತ್ತೋದು. ಗೊತ್ತಿದ್ದೇ ಮೂರು ಇಟ್ಟಿದ್ದಾರೆ. ಇದು ಕೆಲಸ ಕೆಟ್ಟ ಜಾಗ ಅಲ್ಲ, ಕೆಲಸ ಬಲ್ಲವರು ಹೆದರಿ ಎಚ್ಚರ ಮಾಡಿದ ಜಾಗ."

ಮೇಡಂ ಮುಖ ಕೆಂಪಾಯಿತು. ಅವಳು ಕೆಟ್ಟವಳಲ್ಲ, ಆದರೆ ಓದಿದವಳು. ಓದಿದ್ದನ್ನು ಒಂದು ಟೀ ಲೋಟದ ಹೊತ್ತಿನಲ್ಲಿ ಕೆಳಗಿಡುವುದು ಯಾರಿಗೂ ಸುಲಭವಲ್ಲ. ತಿಂಗಳ ಕೊನೆಗೆ ಈ ಶೆಡ್ಡನ್ನು ಕೆಡವುತ್ತಾರೆ, ಅಷ್ಟರೊಳಗೆ ತನ್ನ ವರದಿ ಹೋಗಬೇಕು, ಉಳಿದಿರುವುದು ಒಂದೇ ಎರಕ, ಅದನ್ನು ಊಹೆಯ ಮೇಲೆ ಕಳೆಯಲಾರೆ ಎಂದಳು. ವರದಿಯ ಆ ಭಾಗವನ್ನು ಬರೆದಾಗಿತ್ತು ಕೂಡ. ಕೇಳಿದರೆ ಓದಿ ಹೇಳಿದಳು. ಕೊಂಬನ್ನು ಮಾಡಿದವರಿಗೆ ಟೊಳ್ಳು ಎರಕದ ಮೇಲೆ ಪೂರ್ತಿ ಹಿಡಿತವಿರಲಿಲ್ಲ, ತೇಪೆಗಳೇ ಸಾಕ್ಷಿ ಎಂದಿತ್ತು ಅದರಲ್ಲಿ.

ಹೊಟ್ಟೆಯಮ್ಮ ಲೋಟ ಕೆಳಗಿಟ್ಟಳು. ತನ್ನನ್ನು ಯಾರು ಏನಂದರೂ ಹೊಟ್ಟೆಗೆ ಹಾಕಿಕೊಳ್ಳುವವಳು ಅವಳು. ಆದರೆ ಆ ಮಾತು ಅವಳಿಗೆ ಕೆಂಡ ನುಂಗಿದ ಹಾಗಾಯಿತು. ಬಾಯಿ ಬಿಟ್ಟು ಹೇಳಿಕೊಳ್ಳಲಾರದ ಯಾರೋ ಒಬ್ಬರು, ಎಂದೋ ಸತ್ತು ಮಣ್ಣಾದವರು, ಜೀವಮಾನವೆಲ್ಲ ಹೊಟ್ಟೆ ಮಾಡಿದವರು. ಅವರ ಕೆಲಸ ಪುಡಿಯಾಗಿ ಎಲ್ಲೋ ಗುಡ್ಡೆ ಸೇರಿದೆ. ಉಳಿದದ್ದು ಈ ಐದಾರು ಕಾಲಿನ ಗುರುತು. ಅದನ್ನೂ ತಪ್ಪು ಎಂದು ಬರೆದು ಕಳಿಸಿಬಿಟ್ಟರೆ ಮುಗಿಯಿತು.

"ಆ ಕಾಗದ ಹೋದ ಮೇಲೆ ಎಲ್ಲರೂ ಅದನ್ನೇ ನಂಬ್ತಾರಾ?" ಎಂದು ಕೇಳಿದಳು.

"ಬಹುಮಟ್ಟಿಗೆ" ಎಂದಳು ಮೇಡಂ.

"ಹಾಗಾದ್ರೆ ಈ ಎರಕದ ಹೊಟ್ಟೆ ನಾನು ಮಾಡ್ತೀನಿ. ತುಂಡಿನಲ್ಲಿ ಹೇಗಿದೆಯೋ ಹಾಗೇ ಕಾಲು ಇಡ್ತೀನಿ, ಮೂರು ಬೆನ್ನ ಮೇಲೆ. ಕೊಂಬು ಸರಿಯಾಗಿ ಬಂದು, ಇಂಥವೇ ಗುರುತು ಬಿದ್ರೆ ನೀವು ಬರೆದಿದ್ದನ್ನು ಹೊಡೆದುಹಾಕಬೇಕು. ಬರದಿದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ."

ಮೇಡಂ ಶಿಲ್ಪಿಯ ಮುಖ ನೋಡಿದಳು. ಅವನು ಗಡ್ಡದ ನೀರು ಹಿಂಡಿಕೊಳ್ಳುತ್ತಿದ್ದ. "ನನ್ನ ಬುದ್ಧಿಗೆ ಎರಡು ಅವಕಾಶ ಕೊಟ್ಟಾಯ್ತು. ಒಂದು ಅಮ್ಮನಿಗೆ ಕೊಡೋಣ" ಎಂದ.

ದಾರಿಯಲ್ಲಿ ನಾದಿನಿ ಬೈಯುತ್ತಲೇ ಬಂದಳು. "ಕೊಂಬು ಮಾಡೋಕೆ ಹೋಗಿ ನಿನಗೇ ಕೊಂಬು ಬಂತಲ್ಲ ಅತ್ತಿಗೆ. ಮೂರು ಸಾವಿರ ವರ್ಷದ ಹಿಂದೆ ಸತ್ತವರು ನಿನಗೇನು ಸೋದರತ್ತೆಯಾ?"

"ಇದ್ರೂ ಇರಬಹುದು ಕಣೇ."

"ಸಂಬಂಧ ಹುಡುಕೋದ್ರಲ್ಲಿ ನಿನ್ನನ್ನು ಮೀರಿಸೋರಿಲ್ಲ."

ಮಾರನೆಯ ದಿನದಿಂದ ಹೊಟ್ಟೆಯಮ್ಮ ಶೆಡ್ಡಿನ ಯಜಮಾನಿಯೇ ಆದಳು. ಶಿಲ್ಪಿ ಜರಡಿ ಹಿಡಿದು ಪುಡಿಮಾಡಿಟ್ಟಿದ್ದ ನಯವಾದ ಮಣ್ಣನ್ನು ಮೂಸಿ ನೋಡಿ ಪಕ್ಕಕ್ಕೆ ಸರಿಸಿದಳು. "ಇದು ಮುಖಕ್ಕೆ ಹಚ್ಚಿಕೊಳ್ಳೋಕೆ ಚೆನ್ನಾಗಿದೆ. ಹೊಟ್ಟೆಗೆ ಹೊಟ್ಟು ಬೇಕು" ಎಂದು ಧಾನ್ಯದ ಹೊಟ್ಟು ತರಿಸಿದಳು. ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಹೊಟ್ಟು ಎರಡು ಹಿಡಿ. ಸುಡುವಾಗ ಹೊಟ್ಟು ಉರಿದುಹೋಗಿ ಅದರ ಜಾಗದಲ್ಲಿ ಸಣ್ಣ ಸಣ್ಣ ಸಂದುಗಳಾಗುತ್ತವೆ, ಬಿಸಿ ಲೋಹದ ಆವಿ ಅಲ್ಲಿಂದ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಅಚ್ಚು ಸಿಡಿಯುತ್ತದೆ ಎಂದು ಮೇಡಂಗೆ ಹೇಳಿದಳು. ಮೇಡಂ ಬರೆದುಕೊಂಡಳು. ಹುಲ್ಲಿನ ಹಗ್ಗವನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅದರ ಮೇಲೆ ಮಣ್ಣನ್ನು ತೆಳ್ಳಗೆ, ಒಂದರ ಮೇಲೊಂದು ಪದರವಾಗಿ ಸವರಿದಳು. ಒಂದು ಒಣಗುವ ತನಕ ಇನ್ನೊಂದಕ್ಕೆ ಕೈ ಹಾಕಲಿಲ್ಲ. ಶಿಲ್ಪಿ ಅವಸರ ಮಾಡಿದರೆ, "ಹೊಟ್ಟೆಗೆ ಮೇಲಿಂದ ಮೇಲೆ ತುರುಕಿದ್ರೆ ಅಜೀರ್ಣ ಆಗುತ್ತೆ" ಎಂದು ಅವನನ್ನು ಹೊರಗೆ ಕಳಿಸುತ್ತಿದ್ದಳು. ಐದನೆಯ ದಿನ ಹೊಟ್ಟೆ ಒಣಗಿ ಬೆರಳಿನಿಂದ ತಟ್ಟಿದರೆ ಟಣ್ ಎಂದಿತು. ಅದರ ಮೇಲೆ ಶಿಲ್ಪಿ ಜೇನುಮೇಣದ ಹಾಳೆಗಳನ್ನು ಬಿಸಿಮಾಡಿ ಸುತ್ತಿದ. ಆ ಕೆಲಸದಲ್ಲಿ ಅವನು ಬಲು ಗಟ್ಟಿಗ. ಹಾಳೆಯ ದಪ್ಪ ಎಲ್ಲೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಲಿಲ್ಲ. ಹೊಟ್ಟೆಯಮ್ಮ ಅದನ್ನು ಬಾಯಿಬಿಟ್ಟು ಹೊಗಳಿದಳು. ಅವನು ಆ ದಿನವೆಲ್ಲ ಸಿಳ್ಳೆ ಹಾಕಿಕೊಂಡು ತಿರುಗಿದ.

ಕಾಲುಗಳನ್ನು ಚುಚ್ಚುವುದು ಉಳಿದಿತ್ತು. ಇಪ್ಪತ್ತೆರಡು ಚೌಕದ ಮೊಳೆ, ಕಂಚಿನವು, ಗೋಡೆಯಲ್ಲಿ ನೇತಾಡುತ್ತಿದ್ದ ಕೆಟ್ಟ ಕೊಂಬಿನಿಂದಲೇ ಶಿಲ್ಪಿ ಕತ್ತರಿಸಿ ಕೊಟ್ಟ. ಅವುಗಳ ಮೇಲಿನ ಕಿಲುಬು ಹೋಗಬೇಕಿತ್ತು, ಕಿಲುಬಿದ್ದರೆ ಹೊಸ ಲೋಹ ಅಂಟಿಕೊಳ್ಳುವುದಿಲ್ಲ. "ಸ್ವಲ್ಪ ಉಜ್ಜಿ ಕೊಡೇ" ಎಂದು ನಾದಿನಿಗೆ ಕೊಟ್ಟಳು. ನಾದಿನಿ ಎರಡು ದಿನ ಮೊಳೆಗಳನ್ನು ಹಿಡಿದು ಕೂತಳು. ಮೂರನೆಯ ದಿನ ಮೊಳೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ ಅವರ ಮುಂದೆ ಹರವಿದಾಗ ಶಿಲ್ಪಿ, ಮೇಡಂ ಇಬ್ಬರೂ ಬೆರಗಾದರು. ಅಷ್ಟು ಹೊಳಪು. ಹೊಟ್ಟೆಯಮ್ಮ ಸೂಜಿಯಲ್ಲಿ ದಾರಿ ಮಾಡಿ, ಮೇಣದ ಮೂಲಕ ಒಂದೊಂದನ್ನೇ ಹೊಟ್ಟೆಯೊಳಗೆ ಅರ್ಧ ಬೆರಳಿನಷ್ಟು ಒತ್ತಿ ನಿಲ್ಲಿಸಿದಳು. ಹೊರಗಿನ ಮಣ್ಣು ಕಚ್ಚಿ ಹಿಡಿಯಲೆಂದು ಬಿಟ್ಟ ತುದಿಗಳು ಹೊರಗೆ ಚಾಚಿಕೊಂಡು ಕೊಂಬು ಮುಳ್ಳುಹಂದಿಯ ಮರಿಯ ಹಾಗೆ ಕಾಣುತ್ತಿತ್ತು.

ಹೊರಗಿನ ಮಣ್ಣು ಮೆತ್ತುವ ದಿನ ಅದನ್ನು ಎತ್ತಿ ತಿರುಗಿಸುವಾಗ ಒಂದು ಮೊಳೆ ಟಿಣ್ ಎಂದು ನೆಲಕ್ಕೆ ಬಿತ್ತು. ಹೊಟ್ಟೆಯಮ್ಮ ಪಕ್ಕದ ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದೆಳೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಇನ್ನೊಂದು ಎಳೆದಳು. ಅದೂ ಬಂತು.

ಅವಳು ಮೊಳೆಯನ್ನು ಕೆನ್ನೆಗೆ ಸವರಿ ನೋಡಿದಳು. ಆಮೇಲೆ ನಾದಿನಿಯ ಕಡೆ ತಿರುಗಿ, "ಎಷ್ಟು ಸಲ ಉಜ್ಜಿದೆ?" ಎಂದಳು.

"ಎಣಿಸಿಲ್ಲ. ಮೂಲೆಗಳು ಚುಚ್ಚುತಿದ್ವು, ಅವನ್ನೂ ಮುರಿದೆ. ಹಾಗೇ ಕೊಡೋಕೆ ಆಗುತ್ತಾ? ಏನೇ ಆದ್ರೂ ನನ್ನ ಕೈಯಿಂದ ಹೋಗೋ ಸಾಮಾನು."

"ನುಣುಪಾದ ಕಾಲು ಹಿಡಿಯಲ್ಲ ಕಣೇ. ಜಾರುತ್ತೆ. ಹೊಟ್ಟೆ ಇದರ ಮೇಲೇ ಜಾರಿಕೊಂಡು ತೇಲಿಹೋಗುತ್ತೆ."

ನಾದಿನಿ ಬಿದ್ದ ಮೊಳೆಯನ್ನು ಎತ್ತಿ ತಿರುಗಿಸಿ ನೋಡಿದಳು. ಉಜ್ಜಿದ್ದು ಹೆಚ್ಚಾಯಿತು ಎಂದು ಅವಳಿಗೆ ಯಾರೂ ಹೇಳಿದ್ದೇ ಇಲ್ಲ. ಕೊನೆಗೆ, "ಸ್ವಲ್ಪ ಉಜ್ಜು ಅಂದೆ. ಸ್ವಲ್ಪ ಅಂದ್ರೆ ಎಷ್ಟು ಅಂತ ನೀನಾದ್ರೂ ಹೇಳಿದ್ಯಾ?" ಎಂದು ಮುಖ ತಿರುಗಿಸಿದಳು.

"ನಂದೂ ತಪ್ಪೇ. ಇಷ್ಟು ವರ್ಷ ಜೊತೆಗಿದ್ದು ನಿನ್ನ ಸ್ವಲ್ಪ ನನಗೆ ಗೊತ್ತಿರಬೇಕಿತ್ತು."

ತಿಂಗಳಲ್ಲಿ ಹನ್ನೊಂದು ದಿನ ಉಳಿದಿತ್ತು. ಶಿಲ್ಪಿ ಬೆರಳು ಮಡಿಸಿ ಎಣಿಸಿ ತಲೆಯ ಮೇಲೆ ಕೈ ಹೊತ್ತು ಕೂತ. ಆಗ ಮೇಡಂ ಏನನ್ನೋ ನೆನಸಿಕೊಂಡವಳಂತೆ ಡಬ್ಬಿ ತೆರೆದು, ಭೂತಗನ್ನಡಿ ಹಿಡಿದು, ತುಂಡಿನ ಒಳಬದಿಯನ್ನು ನೋಡಿದಳು. ಒಂದು ಚೌಕದ ತುದಿ ಒಳಗೆ ಅಕ್ಕಿಕಾಳಿನಷ್ಟು ಚಾಚಿಕೊಂಡಿತ್ತು. ಅದರ ಮೈ ಮೇಲೆ ಉಳಿಯಿಂದ ಕಚ್ಚಿದ ಗೀರುಗಳು, ಅಡ್ಡಕ್ಕೆ, ಮೂರು ನಾಲ್ಕು.

"ಇದನ್ನು ನಾನು ಒರಟು ಕೆಲಸ ಅಂತ ಬರೆದಿದ್ದೆ" ಎಂದಳು ಮೇಡಂ, ಮೆಲ್ಲಗೆ.

ಹೊಟ್ಟೆಯಮ್ಮ ಬಂದು ನೋಡಿದಳು. "ನೋಡಿ, ಅವರ ಹತ್ತಿರ ಉಜ್ಜೋ ನಾದಿನಿ ಇರಲಿಲ್ಲ" ಎಂದಳು. ನಾದಿನಿ ಮುಖ ತಿರುಗಿಸಿಕೊಂಡೇ ನಕ್ಕಳು.

ಇಪ್ಪತ್ತೆರಡು ಮೊಳೆಗಳನ್ನೂ ಕಿತ್ತರು. ನಾದಿನಿ ಉಳಿ ಸುತ್ತಿಗೆ ಇಸಿದುಕೊಂಡು, ತಾನೇ ನುಣುಪು ಮಾಡಿದ್ದಕ್ಕೆ ತಾನೇ ಹಲ್ಲು ಕಡಿಯುತ್ತ ಗೀರು ಹಾಕಿದಳು. "ಇದನ್ನು ನೋಡಿದ್ರೆ ನಮ್ಮ ಮೇಸ್ತ್ರಿ ನನ್ನ ಕೈ ಮುರೀತಿದ್ದ" ಎಂದು ಒಂದೊಂದಕ್ಕೂ ಗೊಣಗಿದಳು. ಹಳೆಯ ದಾರಿಗಳಿಗೆ ಹೊಟ್ಟೆಯಮ್ಮ ಮಣ್ಣಿನ ಗಂಜಿ ತುಂಬಿ ಮುಚ್ಚಿ, ಪಕ್ಕದಲ್ಲಿ ಹೊಸ ದಾರಿ ಮಾಡಿ ಮೊಳೆ ನಿಲ್ಲಿಸಿದಳು. ಒಂದನ್ನು ಹಿಡಿದೆಳೆದರೆ ಈಗ ಕೊಂಬೇ ಜೊತೆಗೆ ಎದ್ದುಬರುತ್ತಿತ್ತು. ಹೊರಗಿನ ಮಣ್ಣಿನ ಮೊದಲ ಪದರವನ್ನು ಅವಳು ಬೇರೆ ಯಾರಿಗೂ ಬಿಡಲಿಲ್ಲ. ತಾನೇ ಕುಂಚದಲ್ಲಿ ಸವರಿದಳು. ಆಮೇಲಿನ ಪದರಗಳಿಗೆ ಎಲ್ಲರ ಕೈಯೂ ಬಿತ್ತು, ಮೇಡಂ ಕೈ ಸಹ.

ಎರಕದ ದಿನ ಬೆಳಗಿನ ಬಿಸಿಲು ಶೆಡ್ಡಿನ ತಗಡಿನ ತೂತುಗಳಿಂದ ನೆಲಕ್ಕೆ ಬಿದ್ದಿತ್ತು. ಹಿಂದಿನ ದಿನವೆಲ್ಲ ಸುಟ್ಟು ಮೇಣ ಬಸಿದಿದ್ದ ಅಚ್ಚು ಇನ್ನೂ ಕಾದೇ ಇತ್ತು. ಅದನ್ನು ಪಕ್ಕದಲ್ಲಿ ತೋಡಿದ್ದ ಇನ್ನೊಂದು ಗುಂಡಿಗೆ ಇಳಿಸುವಾಗ ಹೊಟ್ಟೆಯಮ್ಮ ಮೂರು ಕಾಲಿನ ಬೆನ್ನು ಮೇಲೆ ಬರುವಂತೆ ಹೇಳಿ ಹೇಳಿ ಮಲಗಿಸಿ, ಸುತ್ತ ಮಣ್ಣು ತುಳಿಸಿದಳು. ತಿದಿಯ ಗುಂಡಿಯಲ್ಲಿ ಇದ್ದಿಲು ಹೊತ್ತಿಸಿದ್ದರು. ಒಂದು ತಿದಿಯನ್ನು ಮೇಡಂ ಒತ್ತುತ್ತಿದ್ದಳು, ಇನ್ನೊಂದನ್ನು ನಾದಿನಿ. ಇಬ್ಬರೂ ಲಯ ತಪ್ಪಿದಾಗಲೆಲ್ಲ ನಾದಿನಿ, "ಮೇಡಂ, ನೀವು ಅಗೀತಿಲ್ಲ, ಊದ್ತಿದ್ದೀರಿ" ಎನ್ನುತ್ತಿದ್ದಳು. ತಾಮ್ರ ಕರಗಿ, ತವರ ಸೇರಿ, ಮೂಸೆಯ ಬಾಯಲ್ಲಿ ಹಸಿರು ಜ್ವಾಲೆ ಆಡಿತು.

ಶಿಲ್ಪಿ ಇಕ್ಕಳ ಹಿಡಿದು, "ಈಗಲಾ?" ಎಂದ.

ಎರಕದ ಬಣ್ಣ ನೋಡುವುದು ಗಂಡನ ಕೆಲಸವಾಗಿತ್ತು. ಆದರೆ ಮೂವತ್ತು ವರ್ಷ ಹತ್ತು ಹೆಜ್ಜೆ ದೂರದಿಂದ ಅವಳೂ ಅದನ್ನೇ ನೋಡಿದ್ದಳು. ಹೊಯ್ಯುವ ಮುನ್ನ ಅವನು ಒಮ್ಮೆ ಹುಬ್ಬಿನ ಬೆವರು ಒರೆಸಿಕೊಳ್ಳುತ್ತಿದ್ದ. ಅವನು ಒರೆಸಿಕೊಳ್ಳುವಾಗ ಲೋಹದ ಮುಖ ಹೇಗಿರುತ್ತಿತ್ತು ಎಂಬುದು ಅವಳ ಕಣ್ಣಲ್ಲಿ ಹಾಗೇ ಕೂತಿತ್ತು.

"ಇನ್ನೂ ಇಲ್ಲ" ಎಂದಳು. ತಿದಿಗಳು ಇಪ್ಪತ್ತು ಸಲ ಏರಿಳಿದವು. "ಈಗ. ನಿಲ್ಲಿಸದೆ ಹೊಯ್ಯಿರಿ. ಅರ್ಧದಲ್ಲಿ ಯೋಚನೆ ಮಾಡಬೇಡಿ."

ಅವನು ಹೊಯ್ದ. ಲೋಹ ಎಣ್ಣೆಯ ಹಾಗೆ ಸದ್ದಿಲ್ಲದೆ ಇಳಿಯಿತು. ಅಚ್ಚಿನ ಇನ್ನೊಂದು ತುದಿಯಲ್ಲಿ ಬಿಟ್ಟಿದ್ದ ಗಾಳಿಕಂಡಿಯಿಂದ ಮೊದಲು ನೀಲಿ ಹೊಗೆ ಬಂತು, ಆಮೇಲೆ ಒಂದು ಕೆಂಪು ಕಣ್ಣು ಮೇಲೆದ್ದು ಅಂಚಿನವರೆಗೆ ಬಂದು ನಿಂತಿತು. ಹೊಟ್ಟೆಯಮ್ಮ ಅಚ್ಚಿನ ಗುಂಡಿಯ ಪಕ್ಕದ ನೆಲಕ್ಕೆ ಅಂಗೈ ಇಟ್ಟಳು. ಒಳಗೆ ಹೊಟ್ಟೆ ಮೇಲಕ್ಕೆದ್ದು ಬಡಿದರೆ ಒಂದು ಸಣ್ಣ ಕುಲುಕು ಕೈಗೆ ತಿಳಿಯುತ್ತದೆ ಎಂದು ಅತ್ತೆ ಹೇಳಿದ್ದಳು. ಕುಲುಕು ಬರಲಿಲ್ಲ. ಅವಳು ಎದ್ದು ಕೈ ಕೊಡವಿ, "ಟೀ ಇಡೇ" ಎಂದಳು. ಆಗಲೇ ಶಿಲ್ಪಿಗೆ ಕೆಲಸ ಆಯಿತೆಂದು ಗೊತ್ತಾದದ್ದು.

ಅಚ್ಚು ತಣಿಯಲು ಮಧ್ಯಾಹ್ನ ಕಳೆಯಿತು. ಒಡೆಯುವ ಸುತ್ತಿಗೆಯನ್ನು ಶಿಲ್ಪಿ ಅವಳ ಕೈಗೇ ಕೊಟ್ಟ. ಸುಟ್ಟ ಮಣ್ಣು ಹಕ್ಕಳೆ ಹಕ್ಕಳೆಯಾಗಿ ಉದುರಿತು. ಬೂದಿ ಬಣ್ಣದ ಕೊಂಬು ಹೊರಗೆ ಬಂತು, ಬಾಗಿದ ಬೆನ್ನು ಪೂರ್ತಿ, ಎಲ್ಲೂ ತೂತಿಲ್ಲ. ಅಗಲದ ತುದಿಯಲ್ಲಿ ಎರಡು ಬೆರಳಿನಷ್ಟು ಜಾಗ ಜರಡಿಯ ಹಾಗಾಗಿತ್ತು. ಅಷ್ಟನ್ನು ಕೊಯ್ದುಬಿಡಬಹುದು ಎಂದ ಶಿಲ್ಪಿ. ಹೊಟ್ಟೆಯಮ್ಮ ಉದ್ದ ತಂತಿ ಹಾಕಿ ಒಳಗಿನ ಮಣ್ಣನ್ನು ಕೆರೆದು ಕೆರೆದು ಸುರಿದಳು. ಎರಡು ವಾರದ ಅವಳ ಕೆಲಸ ಅರ್ಧ ಗಂಟೆಯಲ್ಲಿ ನೆಲದ ಮೇಲೆ ಗುಪ್ಪೆಯಾಯಿತು. ಅದನ್ನು ಅವಳು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

ಹೊರಗೆ ಚಾಚಿದ್ದ ಮೊಳೆಯ ತುದಿಗಳನ್ನು ಶಿಲ್ಪಿ ಅರದಿಂದ ತೆಗೆದು ಮೈ ಸಮ ಮಾಡಿದ. ಮೇಡಂ ಡಬ್ಬಿಯಿಂದ ತುಂಡನ್ನು ತೆಗೆದು ಕೊಂಬಿನ ಬೆನ್ನಿನ ಮೇಲೆ ಹಿಡಿದಳು. ಇಲ್ಲಿ ಮೂರು ಚೌಕ, ಅಲ್ಲಿ ಮೂರು ಚೌಕ. ಸುತ್ತ ಅದೇ ತೆಳ್ಳನೆಯ ಗೆರೆ. ಒಂದು ಹಸಿರು, ಒಂದು ಹಳದಿ, ಬಣ್ಣ ಬಿಟ್ಟರೆ ಅಕ್ಕತಂಗಿಯರ ಹಾಗಿದ್ದವು. ಮೇಡಂ ತುಂಬ ಹೊತ್ತು ಎರಡನ್ನೂ ಹಾಗೇ ಹಿಡಿದುಕೊಂಡಿದ್ದಳು.

"ಇದು ಕೂಗುತ್ತಾ ಇಲ್ವಾ, ಅದನ್ನು ಮೊದಲು ನೋಡಿ" ಎಂದಳು ನಾದಿನಿ. ಶಿಲ್ಪಿ ಊದಿದ, ಗಾಳಿ ಬಂತು. ಮೇಡಂ ಊದಿದಳು, ಎಮ್ಮೆ ನಿಟ್ಟುಸಿರು ಬಿಟ್ಟ ಹಾಗಾಯಿತು. ನಾದಿನಿ ಇಬ್ಬರ ಕೈಯಿಂದಲೂ ಕಿತ್ತುಕೊಂಡು, ತುಟಿ ಬಿಗಿದು, ಕೆನ್ನೆ ಉಬ್ಬಿಸಿ ಊದಿದಾಗ ತಗಡಿನ ಚಾವಣಿ ಅದುರಿ ಕಾವಲುಗಾರ ಓಡಿಬಂದ. ಈ ಊದುವಿಕೆ ತನಗೆ ಜೀವನಪೂರ್ತಿ ಮನೆಯಲ್ಲಿ ಕೇಳಿ ಅಭ್ಯಾಸವಿದೆ ಎಂದಳು ಹೊಟ್ಟೆಯಮ್ಮ.

ಎರಡು ದಿನ ಬಿಟ್ಟು ಮೇಡಂ ಕಾಗದ ತಂದಳು. ಕೆಲಸದವರು ಶೆಡ್ಡಿನ ಆ ಬದಿಯ ತಗಡು ಬಿಚ್ಚುತ್ತಿದ್ದರು. ಸದ್ದಿನ ನಡುವೆ ಜೋರಾಗಿ ಓದಬೇಕಾಯಿತು. ಹಳೆಯ ಸಾಲುಗಳ ಮೇಲೆ ಉದ್ದಕ್ಕೆ ಗೆರೆ ಎಳೆದಿತ್ತು.

"'ಈ ಚೌಕಗಳು ತೇಪೆಗಳಲ್ಲ. ಒಳಗಿನ ಮಣ್ಣನ್ನು ಹಿಡಿದಿಡಲು ಉದ್ದೇಶಪೂರ್ವಕವಾಗಿ ಇಟ್ಟ ಕಾಲುಗಳು. ಈ ಒಳಮಣ್ಣನ್ನು ಮಾಡಿದವನು ಲೋಹದಲ್ಲಿ ಮಣ್ಣು ತೇಲುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಅವನು ಮೊಳೆಗಳನ್ನು ಬೇಕೆಂದೇ ಒರಟಾಗಿ ಬಿಟ್ಟಿದ್ದನು.' ಸರಿಯಾಗಿದೆಯಾ ಅಮ್ಮ?"

"ಎಲ್ಲ ಸರಿಯಾಗಿದೆ. ಮಾಡಿದವನು ಅಂತ ಯಾಕಿದೆ?"

"ಮತ್ತೇನು ಅಂತ ಬರೀಲಿ?"

"ಮಾಡಿದವಳು ಇರಬಾರದಾ?"

"ಇರಬಹುದು. ಆದ್ರೆ ಹೆಂಗಸು ಅಂತ ಬರೆಯೋಕೆ ಆಧಾರ ಬೇಕಲ್ಲ."

"ಗಂಡಸು ಅಂತ ಬರೆಯೋಕೆ ಆಧಾರ ಯಾವ ಡಬ್ಬಿಯಲ್ಲಿದೆ?"

ಶಿಲ್ಪಿ ಕೆಮ್ಮುವ ನೆಪದಲ್ಲಿ ಆ ಕಡೆ ತಿರುಗಿಕೊಂಡ. ಮೇಡಂ ಪೆನ್ನಿನ ತುದಿ ಕಚ್ಚಿದಳು.

"ಮಾಡಿದವರು ಅಂತ ಬರೀರಿ" ಎಂದಳು ಹೊಟ್ಟೆಯಮ್ಮ. "ಗಂಡಾದ್ರೂ ಆಗುತ್ತೆ, ಹೆಣ್ಣಾದ್ರೂ ಆಗುತ್ತೆ. ಗುರುತಿಲ್ಲದ ಹಿರಿಯರನ್ನು ಏಕವಚನದಲ್ಲಿ ಕರೆಯೋದೂ ತಪ್ಪುತ್ತೆ."

ಮೇಡಂ ಕುರ್ಚಿ ಬಿಟ್ಟು, ತನ್ನ ಅಭ್ಯಾಸದಂತೆ ನೆಲಕ್ಕೆ ಮಂಡಿಯೂರಿ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡಳು. 'ಮಾಡಿದವನು' ಹೊಡೆದು 'ಮಾಡಿದವರು' ಎಂದು ಬರೆದಳು. 'ಬಲ್ಲವನಾಗಿದ್ದನು' ಹೊಡೆದು 'ಬಲ್ಲವರಾಗಿದ್ದರು' ಎಂದು ಬರೆದಳು. ಹೊಟ್ಟೆಯಮ್ಮನಿಗೆ ಓದು ಅಷ್ಟಕ್ಕಷ್ಟೇ. ಅವಳು ಪಕ್ಕದಲ್ಲಿ ಕೂತು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟುಕೊಂಡು ಮೂರನೆಯ ಸಾಲಿನ ತನಕ ಬಂದು ನಿಂತಳು.

"ಇಲ್ಲೊಂದು ಅವನು ಉಳಿದಿದ್ದಾನೆ ನೋಡಿ" ಎಂದಳು.